ರಸಮಟ್ಟ

ಕ್ರಿಸ್ಮಸ್ಸಿನ ಮಾರನೆಯ ದಿನ, ಎಂಟೂವರೆಯ ರೈಲು.
ಬೊಲೋನ್ಯಾ ದಾಟಿದ ಮೇಲೆ ಕಿಟಕಿಯಾಚೆ ಬರೀ ಮಂಜು,
ನಡುನಡುವೆ ಎಲೆಯುದುರಿದ ಕಾಕಿ ಮರ,
ಯಾರೂ ಕೀಳದೆ ಬಿಟ್ಟ ಕಿತ್ತಳೆ ಬಣ್ಣದ ಹಣ್ಣು.
ಅಪ್ಪನ ಕೋಟಿನ ಜೇಬು ಒಂದು ಕಡೆ ಜೋತುಬಿದ್ದಿತ್ತು.
ಏನದು ಎಂದರೆ
‘ಕನ್ನಡಕ’ ಎಂದ.

ಕನ್ನಡಕ ಮೂಗಿನ ಮೇಲಿತ್ತು.

ನಲವತ್ತೊಂದು ವರ್ಷ ಅಪ್ಪ ಮಂಡಿಯೂರಿಯೇ ದುಡಿದ.
ದೇವರೆದುರು ಅಲ್ಲ, ಅವನು ಕೆಂಪು ಬಾವುಟದವನು,
ಮದುವೆಯನ್ನೂ ಪುರಸಭೆಯಲ್ಲೇ ಮುಗಿಸಿದವನು.
ಪರರ ಬಚ್ಚಲಲ್ಲಿ, ಪರರ ಅಡುಗೆಮನೆಯಲ್ಲಿ,
ಮೊದೆನಾದ ಆಸ್ಪತ್ರೆಯ ಉದ್ದನೆಯ ಪಡಸಾಲೆಯಲ್ಲಿ.
ಹಾಸಿದ ನೆಲದ ಮೇಲೆ ತಾನು ನಿಂತದ್ದು ಕಡಿಮೆ.
ಅಮ್ಮ ಪ್ರತಿ ಚಳಿಗಾಲದ ರಜೆಗೂ ಕೇಳುವಳು:
ಒಂದೇ ಒಂದು ದಿನ ರವೆನ್ನಾಗೆ ಹೋಗಿಬರೋಣ, ಎರ್ಮೆಸ್,
ಛಾವಣಿಯೆಲ್ಲ ಹರಳಂತೆ, ಬಂಗಾರವಂತೆ.
‘ರಜೆಯಲ್ಲೂ ಟೈಲ್ಸೇ ನೋಡಬೇಕೆ, ಇವಾನಾ?’
ಎಂದು ಅಪ್ಪ ಮಗ್ಗುಲಾಗುವನು.
ಈ ಸಲ ಕೇಳುವವರಿರಲಿಲ್ಲ.
ಟಿಕೇಟು ಅವನೇ ತಂದಿದ್ದ.

ಗುಮ್ಮಟದ ಕೆಳಗೆ ಜನರೆಲ್ಲ
ನೀರು ಕುಡಿಯುವ ಕೋಳಿಗಳ ಹಾಗೆ ಕತ್ತೆತ್ತಿದ್ದರು.
ನೀಲಿ ಕತ್ತಲು, ಅದರ ತುಂಬ ನಕ್ಷತ್ರ.
ನನ್ನ ಮಗ ತೊಬೀಯಾ ಎಣಿಸತೊಡಗಿ ಮೂವತ್ತಾರಕ್ಕೆ ತಪ್ಪಿದ.
ಅಪ್ಪ ಮಾತ್ರ ಗೋಡೆಗೆ ಮುಖ ಹಚ್ಚಿ
‘ಒಂದು ಹರಳೂ ಮಟ್ಟಸವಾಗಿಲ್ಲ’ ಎಂದ.
ತುಸು ತಡೆದು, ‘ಬೇಕೆಂದೇ. ಒಂದೊಂದನ್ನೂ ಒಂದೊಂದು ಕಡೆ
ವಾರೆಯಿಟ್ಟಿದ್ದಾನೆ ಕಳ್ಳ. ಬೆಳಕು ಸುಮ್ಮನೆ ಜಾರಿಹೋಗಬಾರದು ಅಂತ.’
ಇನ್ನೊಬ್ಬನ ಕೆಲಸವನ್ನು ಅವನು ಹೊಗಳಿದ್ದು
ನಾನು ಅದುವರೆಗೆ ಕೇಳಿರಲಿಲ್ಲ.

ಮಧ್ಯಾಹ್ನ ಬಿಸಿ ಪಿಯಾದೀನಾ, ನಿಂತುಕೊಂಡೇ.
ಚೀಸು ಮುಂಗೈಗಿಳಿಯಿತು.
ಆಮೇಲೆ ಇನ್ನೊಂದು ಇಗರ್ಜಿ, ಇಟ್ಟಿಗೆಯದು, ಸಾದಾ.
ಪೀಠದ ಕೆಳಗೊಂದು ಕಿಂಡಿ.
ನಾಣ್ಯ ಹಾಕಿದರೆ ದೀಪ.

ತೊಬೀಯಾ ಹಾಕಿದ.
ಕೆಳಗೆ ನೆಲಮಾಳಿಗೆ, ಕಂಬಗಳ ಮೊಣಕಾಲಿನವರೆಗೂ ನೀರು,
ನೀರಿನಡಿ ಯಾರೋ ಎಂದೋ ಹಾಸಿದ ನೆಲ,
ಅದರ ಮೇಲೆ ಆರೇಳು ಬಂಗಾರದ ಮೀನು
ಮನೆಯವರ ಹಾಗೆ ಓಡಾಡಿಕೊಂಡು.

ಅಪ್ಪ ಮಂಡಿಯೂರಿದ.
ಮೊಣಕಾಲು ಎರಡು ಸಲ ಲಟಕ್ಕೆಂದವು.
ಪಕ್ಕದ ಬೆಂಚಿನ ಸಿಸ್ಟರ್ ಅವನ ತೋಳು ಸವರಿ
ತಾನೂ ಶಿಲುಬೆಯ ಗುರುತು ಹಾಕಿಕೊಂಡಳು.
ಅವನು ಜೇಬಿನಿಂದ ರಸಮಟ್ಟ ತೆಗೆದು ಮೆಟ್ಟಿಲ ಮೇಲಿಟ್ಟ.
ಹಳದಿಯದು, ಗೇಣುದ್ದ, ಅಂಚಿನಲ್ಲಿ ಹಳೆಯ ಸಿಮೆಂಟು.
ಗುಳ್ಳೆ ಎಡಕ್ಕೋಡಿ ಅಲ್ಲೇ ಕೂತಿತು.
‘ನೋಡು, ಊರೇ ಕುಸಿಯುತ್ತಿದೆ’ ಎಂದ ಮೊಮ್ಮಗನಿಗೆ,
ಪಿಸುಮಾತಲ್ಲಿ, ಮದುವೆ ಗೊತ್ತಾದ ಸುದ್ದಿ ಹೇಳುವಂತೆ.
‘ತೇವ ಬರಬಾರದೆಂದು ಬದುಕೆಲ್ಲ ಹೆಣಗಿದೆ.
ಒಂದು ಹನಿ ಒಸರಿದರೆ ನಿದ್ದೆ ಹತ್ತುತ್ತಿರಲಿಲ್ಲ.
ಈ ಪುಣ್ಯಾತ್ಮನ ನೆಲ ಎಷ್ಟು ಕಾಲದಿಂದ ಮುಳುಗಿದೆಯೋ,
ಮೀನು ಸಾಕಿಕೊಂಡು ಹಾಯಾಗಿದೆ.’

ದೀಪ ಆರಿತು.
‘ಇನ್ನೊಂದು ನಾಣ್ಯ’ ಎಂದ.
ಹಾಕಿದೆ.
‘ಇನ್ನೊಂದು.’
ನನ್ನ ಪರ್ಸು ಬರಿದಾದಾಗ ಸಿಸ್ಟರ್ ತನ್ನ ಕಿಸೆ ತಡವಿ
ಐವತ್ತು ಸೆಂಟು ಕೊಟ್ಟಳು,
ಪರಮ ಭಕ್ತನೆಂದೇ ನಂಬಿ. ನಾನು ತಿದ್ದಲಿಲ್ಲ.
ಆ ಬೆಳಕಲ್ಲಿ ಅಪ್ಪನಿಗೆ ಏನು ಕಂಡಿತೋ,
ನೀರಿನಿಂದ ಕಣ್ಣು ಕೀಳದೆಯೇ
ನೀನೂ ನೋಡು ಬಾ ಎನ್ನುವವನ ಹಾಗೆ
ಹಿಂದಕ್ಕೆ ಕೈಚಾಚಿದ.
ಸಿಕ್ಕಿದ್ದು ನನ್ನ ಕೋಟಿನ ಅಂಚು.
ಅದನ್ನೇ ಹಿಡಿದು ಎದ್ದ.

ಐದಕ್ಕೆಲ್ಲ ಕತ್ತಲು. ವಾಪಸು ರೈಲು.
ಕಿಟಕಿಯ ಕಟ್ಟೆಯ ಮೇಲೆ ರಸಮಟ್ಟ ಇಟ್ಟುಕೊಂಡು
ಗುಳ್ಳೆಯ ಓಡಾಟ ನೋಡುತ್ತ ತೊಬೀಯಾ ನಿದ್ದೆಹೋದ.
ಲೂಗೊ ದಾಟಿದ ಮೇಲೆ
ಅಪ್ಪ ಕಣ್ಣು ಮುಚ್ಚಿಕೊಂಡೇ ಕೇಳಿದ:
‘ನಮ್ಮ ಬಚ್ಚಲಲ್ಲಿ, ಬಾಗಿಲ ಹಿಂದಿನ ಮೂಲೆಯಲ್ಲಿ,
ಒಂದು ಬಿಲ್ಲೆ ಬಿರುಕುಬಿಟ್ಟಿದೆಯಲ್ಲ,
ಅವಳು ಎಷ್ಟು ವರ್ಷದಿಂದ ಹೇಳುತ್ತಿದ್ದಳು?’

ಹನ್ನೆರಡು, ಎಂದೆ.
ಹದಿಮೂರಿರಬೇಕು.